ಬಾಯಿಬಡುಕಿ ಟೈಪ್ ಮಾಡುತ್ತಿದ್ದಾರೆ

ಅಕ್ಕನ ಕೆಲಸ ಏನೆಂದು ಒಂದೇ ಮಾತಿನಲ್ಲಿ ಹೇಳುವುದು ಅವಳ ಗಂಡನಿಂದಲೂ ಆಗುತ್ತಿರಲಿಲ್ಲ. “ಏನೋ ಕಂಪ್ಯೂಟರ್ ಕೆಲಸ” ಎಂದು ಜಾರಿಕೊಳ್ಳುತ್ತಿದ್ದ. ಮೊಬೈಲಿನಲ್ಲಿ ಯಾವುದನ್ನು ಎಲ್ಲಿ ಒತ್ತಬೇಕು ಎಂದು ಜನರಿಗೆ ತೋರಿಸಿಕೊಡುವ ವೀಡಿಯೊ ಮಾಡುವುದು ಅವಳ ಕೆಲಸ. ಆಸ್ಪತ್ರೆಯವರು ಟೋಕನ್ ಕೊಡಲು ಹೊಸ ಆ್ಯಪ್ ಮಾಡಿಸುತ್ತಾರೆ, ಗ್ರಂಥಾಲಯದವರು ಮನೆಯಿಂದಲೇ ಪುಸ್ತಕ ಕಾದಿರಿಸಿ ಎನ್ನುತ್ತಾರೆ, ನೀರಿನ ಕಚೇರಿಯವರು ಮೀಟರಿನ ಫೋಟೊ ಕಳಿಸಿ ಎನ್ನುತ್ತಾರೆ. ಜನ ಕಕ್ಕಾಬಿಕ್ಕಿಯಾಗುತ್ತಾರೆ. ಆಗ ಅಕ್ಕ ಬರುತ್ತಾಳೆ, ಅಂದರೆ ಅವಳ ದನಿ ಬರುತ್ತದೆ: “ಮೊದಲು ಮೇಲಿರುವ ಮೂರು ಗೆರೆಗಳನ್ನು ಒತ್ತಿ. ಗಾಬರಿಯಾಗಬೇಡಿ, ಏನೂ ಕೆಡುವುದಿಲ್ಲ.” ಪರದೆಯ ಮೇಲೆ ಒಂದು ಬಿಳಿ ಚುಕ್ಕೆ ಓಡಾಡುತ್ತದೆ. ಆ ಚುಕ್ಕೆ ಅವಳ ಬೆರಳು. ಮುಖ ನೋಡಿದವರು ಯಾರೂ ಇಲ್ಲ.

ಮೊಬೈಲಿನ ಪರದೆಯನ್ನು ಮೊಬೈಲಿನಲ್ಲೇ ರೆಕಾರ್ಡ್ ಮಾಡಬಹುದು. ಆದರೆ ಅದು ಅರ್ಧ ದಾರಿಯಲ್ಲಿ ಬಿಸಿಯಾಗಿ ತಡವರಿಸುತ್ತದೆ, ಇಲ್ಲವೇ ಜಾಗ ಸಾಲದು ಎಂದು ಮುನಿಸಿಕೊಳ್ಳುತ್ತದೆ. ಅದರ ಸಹವಾಸವೇ ಬೇಡವೆಂದು ಅಕ್ಕ ಮೊಬೈಲನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ಸಿಕ್ಕಿಸುತ್ತಿದ್ದಳು. ಮೊಬೈಲಿನ ಪರದೆ ಇದ್ದ ಹಾಗೇ ಕಂಪ್ಯೂಟರಿನಲ್ಲಿ ಮೂಡುತ್ತಿತ್ತು, ರೆಕಾರ್ಡಿಂಗ್ ಅಲ್ಲಿಂದ. ಕೇಬಲ್ ಇರುವಷ್ಟು ಹೊತ್ತೂ ಪರದೆ ಆರದಂತೆ ಮಾಡುವ ಒಂದು ಆಯ್ಕೆಯೂ ಇದೆ. ಅದು ಕಾಣಿಸಿಕೊಳ್ಳಬೇಕಾದರೆ ಫೋನಿನ ವಿವರಗಳ ಪುಟದಲ್ಲಿ ಒಂದು ಸಂಖ್ಯೆಯ ಮೇಲೆ ಏಳು ಸಲ ಕುಟ್ಟಬೇಕು. ಏಳು ಸಲ ಬಾಗಿಲು ಬಡಿದ ಮೇಲೆ “ಸರಿ, ಬಾ” ಎನ್ನುವ ಮುಂಗೋಪಿ ದೊಡ್ಡಮ್ಮ ಇದ್ದ ಹಾಗೆ ಅದು ಎಂದು ಅಕ್ಕ ಕೆಲಸ ಕಲಿಯಲು ಬಂದುಹೋಗುವ ಹೊಸಬರಿಗೆ ಹೇಳಿಕೊಡುತ್ತಿದ್ದಳು.

ಆಫೀಸು ಎಂದರೆ ಎರಡನೇ ಮಹಡಿಯ ಎರಡು ಕೋಣೆ. ಕೆಳಗೆ ತಗಡಿನ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಸುತ್ತಿಗೆಯ ಸದ್ದು ನಿಲ್ಲುವುದಿಲ್ಲ. ತಗಡಿನವರು ಊಟಕ್ಕೆ ಕೂರುವ ಒಂದರಿಂದ ಎರಡು ಗಂಟೆಯ ತನಕ ಮಾತ್ರ ಲೋಕಕ್ಕೆ ಕಿವಿ ಬರುತ್ತದೆ. ಆ ಒಂದು ಗಂಟೆಯಲ್ಲಿ ಅಕ್ಕ ಬೀರುವಿನಷ್ಟೇ ಅಗಲದ, ಗೋಡೆಗೆಲ್ಲ ಹಳೆಯ ಹೊದಿಕೆ ಬಡಿದ ಒಂದು ಗೂಡಿನೊಳಗೆ ಹೊಕ್ಕು ದನಿ ಕೊಟ್ಟು ಮುಗಿಸಬೇಕು. ಗೂಡಿನೊಳಗೆ ಮೊಬೈಲ್ ಒಯ್ಯುವಂತಿಲ್ಲ. ಒಯ್ದರೆ ಮೈಕಿನಲ್ಲಿ ನೊಣ ಹೊಕ್ಕಂತೆ ಗುಂಯ್‌ಗುಡುತ್ತದೆ.

ಆ ಆಫೀಸಿನಲ್ಲಿ ಅವಳ ಜೊತೆಗಿದ್ದವನು ಎಡಿಟರ್ ಒಬ್ಬನೇ. ಅವಳಿಗಿಂತ ನಾಲ್ಕು ವರ್ಷ ದೊಡ್ಡವನು, ನಿಧಾನಸ್ಥ, ಯಾವಾಗಲೂ ಕಿವಿಗೆ ಹೆಡ್‌ಫೋನ್. ಅವಳು ಕೊಟ್ಟದ್ದನ್ನು ಕತ್ತರಿಸಿ ಜೋಡಿಸುವುದು ಅವನ ಪಾಲು. ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ಒಂದೊಂದು ಚೌಕಟ್ಟನ್ನೂ ನೋಡುತ್ತಿದ್ದ, ಅದಕ್ಕೆ ಸರಿಯಾಗಿ ಗೊಣಗುತ್ತಿದ್ದ.

ನೀರಿನ ಮೀಟರಿನ ವೀಡಿಯೊ ಮಾಡುವ ಹೊತ್ತಿಗೆ ಆಫೀಸಿನ ಮೊಬೈಲಿನ ಕೇಬಲ್ ತೂತು ಸಡಿಲವಾಗಿ ರಿಪೇರಿಗೆ ಹೋಗಿತ್ತು. ಅಕ್ಕ ತನ್ನದೇ ಮೊಬೈಲನ್ನು ಸಿಕ್ಕಿಸಿದಳು. ಮೆಸೇಜಿನ ಪಟ್ಟಿ ತೆರೆದು, ಕಚೇರಿಯ ನಂಬರು ಹುಡುಕಿ, ಮೀಟರಿನ ಫೋಟೊ ಕಳಿಸಿ ತೋರಿಸಿ ಪಟ್ಟಿಗೆ ಮರಳಿದಳು. ಮೂರು ನಿಮಿಷದ ಕೆಲಸ. ಮುಗಿಯುವುದಕ್ಕೂ ಕೆಳಗೆ ಸುತ್ತಿಗೆ ನಿಲ್ಲುವುದಕ್ಕೂ ಸರಿಹೋಯಿತು. ಅವಳು ಕಾಗದ ಹಿಡಿದು ಗೂಡಿಗೆ ಓಡಿದಳು. ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತೇಬಿಟ್ಟಳು.

ಸಂಜೆ ಎಡಿಟರ್ ಹೆಡ್‌ಫೋನನ್ನು ಕತ್ತಿಗೆ ಇಳಿಸಿ ಅವಳ ಕಡೆ ತಿರುಗಿದ.

“ಮೇಡಂ, ಮೂರು ನಿಮಿಷದ ವೀಡಿಯೊಗೆ ಒಂದೂಕಾಲು ಗಂಟೆ ಸರಕು ಕೊಟ್ಟಿದ್ದೀರಿ. ಸಿನಿಮಾ ಮಾಡೋಣ್ವಾ?”

“ಅಯ್ಯೋ, ನಿಲ್ಲಿಸೋದು ಮರೆತೆ. ಮುಂದಿನದನ್ನ ಕತ್ತರಿಸಿ ಬಿಸಾಕಿ.”

“ಬಿಸಾಕ್ತೀನಿ. ನಿಮ್ಮ ಮನೆಯವರ ಹೆಸರುಗಳನ್ನ ಮಸುಕು ಮಾಡ್ಬೇಕಲ್ಲ, ಅದಕ್ಕೆ ಪೂರ್ತಿ ಓಡಿಸಿ ನೋಡಿದೆ. ಎಲ್ಲಾ ಹೆಸರೂ ಸುಮ್ನಿದ್ವು, ಒಂದು ಮಾತ್ರ ಅಲ್ಲಾಡ್ತು.” ಅವನು ಬಗ್ಗಿ ಪರದೆಗೆ ಬೆರಳು ತೋರಿಸಿದ. “ಈ ಬಾಯಿಬಡುಕಿ ಯಾರು?”

ಅಕ್ಕ ಕುರ್ಚಿಯನ್ನು ಎಳೆದುಕೊಂಡು ಬಂದಳು.

ಪಟ್ಟಿಯ ತುದಿಯಲ್ಲಿ, ಎಲ್ಲರಿಗಿಂತ ಮೇಲೆ, ಅವಳೇ ಪಿನ್ ಮಾಡಿಟ್ಟಿದ್ದ ಹೆಸರು ಅದು. ಅದರ ಕೆಳಗೆ ಎರಡು ವರ್ಷದಿಂದ ಒಂದೇ ಪದ ಇತ್ತು: ತಲುಪಿದೆ. ಎಡಿಟರ್ ಗುಂಡಿ ಒತ್ತಿದ. ಮೊಬೈಲಿನ ಗಡಿಯಾರ ಒಂದು ಗಂಟೆ ಮೂವತ್ತೆಂಟು ನಿಮಿಷಕ್ಕೆ ಬಂದಿತು. ಆ ಪದ ಅಳಿಸಿಹೋಗಿ ಹಸಿರು ಬಣ್ಣದಲ್ಲಿ ಬೇರೆ ಅಕ್ಷರ ಮೂಡಿತು: ಟೈಪ್ ಮಾಡುತ್ತಿದ್ದಾರೆ. ಹೋಯಿತು. ಮತ್ತೆ ಬಂತು. ಹೀಗೆ ನಾಲ್ಕು ನಿಮಿಷ ಬಂದು ಹೋಗಿ ಕೊನೆಗೆ ನಿಂತಿತು. ಯಾವ ಮೆಸೇಜೂ ಬರಲಿಲ್ಲ. ತಲುಪಿದೆ ಎಂಬ ಪದ ತನ್ನ ಜಾಗಕ್ಕೆ ಬಂದು ಕೂತಿತು.

“ನನ್ನ ತಂಗಿ,” ಎಂದಳು ಅಕ್ಕ.

ಆ ತಂಗಿಗೆ ಬಾಯಿಬಡುಕಿ ಎಂದು ಹೆಸರಿಟ್ಟದ್ದು ಅಕ್ಕನೇ. ಇಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ. ಏಳು ಗಂಟೆ ಪ್ರಯಾಣದಷ್ಟು ದೂರದ ಒಂದು ಊರಿನಲ್ಲಿ ಅವಳು ಸಿಟಿ ಬಸ್ಸು ಓಡಿಸುತ್ತಾಳೆ. ಹಗಲು ಪಾಳಿಯಲ್ಲಿ ಒಂದು ಮೂವತ್ತಾರಕ್ಕೆ ಬಸ್ಸು ಕೊನೆಯ ನಿಲ್ದಾಣ ಮುಟ್ಟುತ್ತದೆ, ಒಂದು ನಲವತ್ತೆರಡಕ್ಕೆ ಮತ್ತೆ ಹೊರಡುತ್ತದೆ. ನಡುವಿನ ಆ ಆರು ನಿಮಿಷ ಅಕ್ಕನಿಗೆ ಮೀಸಲು. ದಿನಾ ಫೋನ್ ಬರುತ್ತಿತ್ತು. “ಮೇಷ್ಟ್ರೇ, ಆರೇ ನಿಮಿಷ ಇದೆ, ಬೇಗ ಹೇಳು, ಏನು ಸಮಾಚಾರ?” ಎಂದು ಶುರು ಮಾಡಿ, ಆರು ನಿಮಿಷವೂ ತಾನೇ ಮಾತಾಡಿ, “ನೀನು ಏನೂ ಹೇಳೋದೇ ಇಲ್ಲ ಬಿಡು” ಎಂದು ದೂರಿ ಇಟ್ಟುಬಿಡುತ್ತಿದ್ದಳು. ಅಕ್ಕ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುವವಳಾದ್ದರಿಂದ ತಂಗಿಯ ಬಾಯಲ್ಲಿ ಮೇಷ್ಟ್ರಾಗಿದ್ದಳು. ಗೂಡಿಗೆ ಹೋಗುವ ಮುಂಚೆ ಈ ಫೋನಿಗಾಗಿ ಕಾದು, ಆಮೇಲೆ ದನಿ ಕೊಡಲು ಹೊತ್ತು ಸಾಲದೆ ಅವಳು ಎಡಿಟರನಿಂದ ಎಷ್ಟೋ ಸಲ ಬೈಸಿಕೊಂಡಿದ್ದಳು.

ಆಮೇಲೆ ಅಮ್ಮ ಹಾಸಿಗೆ ಹಿಡಿದರು. ಏಳು ತಿಂಗಳು ಅಕ್ಕನೇ ನೋಡಿಕೊಂಡಳು. ತಂಗಿಗೆ ರಜೆ ಸಿಕ್ಕಿದ್ದು ಎರಡೇ ಸಲ. ಅಮ್ಮ ತೀರಿಕೊಂಡ ದಿನ ಮಧ್ಯಾಹ್ನ ಮೂರು ಗಂಟೆಗೆ ಅವಳು ಡಿಪೋದಿಂದ ನೇರವಾಗಿ, ಸಮವಸ್ತ್ರದಲ್ಲೇ ಬಂದು ಬಾಗಿಲಲ್ಲಿ ನಿಂತಳು. ಮನೆ ತುಂಬ ಜನ. ಅಕ್ಕನಿಗೆ ಏಳು ತಿಂಗಳ ನಿದ್ದೆ ಬಾಕಿಯಿತ್ತು, ಹೊಟ್ಟೆಯಲ್ಲಿ ಬೆಂಕಿಯಿತ್ತು. ಎಲ್ಲರಿಗೂ ಕೇಳುವಂತೆ ಅಂದಳು:

“ಅತಿಥಿಗಳು ಬಂದಿದ್ದಾರೆ. ಯಾರಾದರೂ ಕುರ್ಚಿ ಹಾಕ್ರಪ್ಪ.”

ಅಂದದ್ದು ಅಂದಾಯಿತು. ಅದಕ್ಕಿಂತ ಅನ್ಯಾಯವೆಂದರೆ ಚಿಕ್ಕಪ್ಪ ಆ ಮಾತನ್ನು ನಿಜವೆಂದು ತಿಳಿದು ಒಂದು ಕುರ್ಚಿಯನ್ನು ತಂದೇಬಿಟ್ಟರು. ತಂಗಿ ಅದರಲ್ಲಿ ಕೂರಲಿಲ್ಲ. ಎಲ್ಲ ಮುಗಿಯುವ ತನಕ ಗೋಡೆಗೆ ಒರಗಿ ನಿಂತೇ ಇದ್ದಳು. ಸಂಜೆ ಹೇಳದೆ ಹೊರಟುಹೋದಳು. ಆ ಖಾಲಿ ಕುರ್ಚಿ ನಡುಮನೆಯಲ್ಲಿ ಮೂರು ದಿನ ಇತ್ತು. ಅದನ್ನು ಎತ್ತಿಡುವ ಧೈರ್ಯ ಯಾರಿಗೂ ಬರಲಿಲ್ಲ.

ತಂಗಿ ಹೊರಟ ಮರುದಿನ ಬೆಳಿಗ್ಗೆ ಅಕ್ಕನ ಮೊಬೈಲಿಗೆ ಒಂದು ಪದ ಬಂತು: ತಲುಪಿದೆ. ಅದು ಅಮ್ಮನ ಕಾನೂನು. ಮನೆಯಿಂದ ಯಾರೇ ಎಲ್ಲಿಗೇ ಹೋಗಲಿ, ಜಗಳವಾಡಿಕೊಂಡೇ ಹೋಗಲಿ, ಮುಟ್ಟಿದ ಮೇಲೆ ‘ತಲುಪಿದೆ’ ಎಂದು ತಿಳಿಸಬೇಕು. ಅಮ್ಮ ಅದಕ್ಕೆ ‘ಸರಿ. ಊಟ ಮಾಡು’ ಎಂದು ಉತ್ತರ ಬರೆಯುತ್ತಿದ್ದರು. ಹೊತ್ತುಗೊತ್ತು ಇರಲಿಲ್ಲ, ಬೆಳಗಿನ ಆರಕ್ಕೆ ತಲುಪಿದರೂ ‘ಊಟ ಮಾಡು’. ಅಮ್ಮನ ಕಣ್ಣು ಮಂಜಾದ ಮೇಲೆ ಆ ಉತ್ತರವನ್ನು ಅಕ್ಕ ಬರೆಯುತ್ತಿದ್ದಳು. ಅಷ್ಟು ಸಿಟ್ಟಿನಲ್ಲೂ ತಂಗಿ ಕಾನೂನು ಮುರಿಯಲಿಲ್ಲ. ಮುರಿದವಳು ಅಕ್ಕ. ಉತ್ತರ ಕೊಡಲಿಲ್ಲ. ಮೊದಲ ದಿನ ಬಿಂಕ, ಮೂರನೇ ದಿನ ನಾಚಿಕೆ, ಒಂದು ತಿಂಗಳಾದ ಮೇಲೆ ಯಾವ ಮುಖ ಹೊತ್ತು ಬರೆಯಲಿ ಎಂಬ ಅಳುಕು. “ಒಂದು ಫೋನ್ ಮಾಡು, ಮುಗೀತು” ಎಂದು ಗಂಡ ಮೊದಮೊದಲು ಹೇಳಿ ನೋಡಿ ಸುಮ್ಮನಾದ. ಅವನು ಆಗೀಗ ನಾದಿನಿಗೆ ಫೋನ್ ಮಾಡುವಾಗ ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುತ್ತ ಕಿವಿಯನ್ನೆಲ್ಲ ಹೊರಗೆ ಬಿಟ್ಟಿರುತ್ತಿದ್ದಳು.

ಈಗ ಆ ತಂಗಿ ತನಗೇನೋ ಬರೆಯುತ್ತಿದ್ದಾಳೆ, ಬರೆದು ಅಳಿಸುತ್ತಿದ್ದಾಳೆ.

“ಕತ್ತರಿಸಿ ಬಿಸಾಕ್ಲಾ?” ಎಡಿಟರ್ ಮೆಲ್ಲಗೆ ಕೇಳಿದ.

“ಬೇಡ. ನನ್ನ ಕಂಪ್ಯೂಟರಿಗೆ ಹಾಕಿ.”

ಮರುದಿನ ಒಂದು ಗಂಟೆಗೆ ಅಕ್ಕ ರೆಕಾರ್ಡಿಂಗ್ ನಿಲ್ಲಿಸುವುದನ್ನು ಬೇಕೆಂದೇ ಮರೆತಳು. ಎರಡು ಗಂಟೆಗೆ ಗೂಡಿನಿಂದ ಹೊರಬಂದು, ನೀರೂ ಕುಡಿಯದೆ, ಆ ಒಂದು ಗಂಟೆಯನ್ನು ಓಡಿಸಿ ನೋಡಿದಳು. ಒಂದು ಮೂವತ್ತೇಳಕ್ಕೆ ಹಸಿರು ಅಕ್ಷರ ಮೂಡಿತು. ಐದು ನಿಮಿಷ ಇತ್ತು. ಅದರ ಮರುದಿನವೂ ಬಂತು. ಗುರುವಾರ ಬರಲಿಲ್ಲ, ಗುರುವಾರ ತಂಗಿಗೆ ವಾರದ ರಜೆ ಎಂಬುದು ಆಮೇಲೆ ನೆನಪಾಗಿ ಉಸಿರು ಬಂತು.

ಹೀಗೆ ಅದೊಂದು ಅಭ್ಯಾಸವೇ ಆಯಿತು. ಆಫೀಸಿನ ಮೊಬೈಲ್ ರಿಪೇರಿಯಾಗಿ ಬಂದರೂ ಅಕ್ಕ ಅದನ್ನು ಡ್ರಾಯರಿನಲ್ಲಿಟ್ಟು ತನ್ನದನ್ನೇ ಸಿಕ್ಕಿಸುತ್ತಿದ್ದಳು. ಊಟದ ಹೊತ್ತಿನಲ್ಲಿ ಮೇಜಿನ ಮೇಲೆ ಮೊಬೈಲು ಕಣ್ಣು ಬಿಟ್ಟುಕೊಂಡು ಕೂತಿರುತ್ತಿತ್ತು, ಕಂಪ್ಯೂಟರು ಅದನ್ನು ನೋಡಿಕೊಂಡು ಬರೆದಿಟ್ಟುಕೊಳ್ಳುತ್ತಿತ್ತು, ಅಕ್ಕ ಗೂಡಿನೊಳಗೆ ಊರಿನವರಿಗೆಲ್ಲ ಪಾಠ ಹೇಳುತ್ತಿದ್ದಳು: “ಬರೆಯುತ್ತಿರುವಾಗ ನಡುವೆ ಬೇರೆ ಕೆಲಸ ಬಂದರೆ ಗಾಬರಿಯಾಗಬೇಡಿ. ಬರೆದಷ್ಟು ಅಲ್ಲೇ ಇರುತ್ತದೆ.” ಎಲ್ಲ ಮುಗಿಸಿ ಬಂದು ತಂಗಿಯ ಆರು ನಿಮಿಷವನ್ನು ನೋಡುತ್ತಿದ್ದಳು. ನೋಡಲು ಇದ್ದದ್ದಾದರೂ ಏನು? ಎರಡು ಹಸಿರು ಪದ. ಆದರೂ ಅಕ್ಕನಿಗೆ ಬಸ್ಸಿನ ಚಾಲಕನ ಆಸನ ಕಾಣುತ್ತಿತ್ತು, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಕುಟ್ಟುವ ತಂಗಿ ಕಾಣುತ್ತಿದ್ದಳು. ಬಾಯಿ ಎಷ್ಟು ಜೋರೋ ಬರೆಯುವುದರಲ್ಲಿ ಅಷ್ಟೇ ಮಂದ ಅವಳು. ಶಾಲೆಯಲ್ಲಿ ಒಂದು ಪುಟ ಬರೆಯಲು ಅರ್ಧ ದಿನ ತೆಗೆದುಕೊಳ್ಳುತ್ತಿದ್ದಳು, ಅಕ್ಕನೇ ಎಷ್ಟೋ ಸಲ ಬರೆದುಕೊಟ್ಟದ್ದಿದೆ.

ಏನು ಬರೆಯುತ್ತಿರಬಹುದು? ಕ್ಷಮಿಸು ಎಂದೇ? ಅವಳೇಕೆ ಕ್ಷಮೆ ಕೇಳಬೇಕು? ನೀನು ಸತ್ತೆ ನನ್ನ ಪಾಲಿಗೆ ಎಂದೇ? ಹಾಗಿದ್ದರೆ ದಿನಾ ಏಕೆ ಬರೆಯಬೇಕು, ಒಮ್ಮೆ ಬರೆದರೆ ಸಾಲದೇ? ಎರಡು ವರ್ಷದಲ್ಲಿ ಅಕ್ಕ ತಾನೂ ನೂರು ಸಲ ಬರೆದು ಅಳಿಸಿದ್ದಳು. ಒಮ್ಮೆ ‘ಸರಿ’ ಎಂದು ಬರೆದು, ಎರಡು ಅಕ್ಷರವೂ ಸುಳ್ಳೆನಿಸಿ ಅಳಿಸಿದ್ದಳು. ತಂಗಿಯೂ ತನ್ನ ಹಾಗೆಯೇ ಬಾಯಿಗೆ ಬಂದದ್ದನ್ನು ನುಂಗುತ್ತಿದ್ದಾಳೆ ಎಂದು ಅವಳು ತೀರ್ಮಾನಿಸಿಬಿಟ್ಟಳು. ಬಾಯಿಬಡುಕಿಗೆ ನುಂಗುವುದನ್ನು ಕಲಿಸಿದವಳು ನಾನೇ ಎಂದು ಊಟ ಸೇರದಾಯಿತು.

“ಮೇಡಂ, ಒಂದು ಕೇಳ್ಲಾ?” ಒಂದು ದಿನ ಎಡಿಟರ್ ಅಂದ. “ಯಾವಾಗ ಬರೀತಾರೆ ಅಂತ ನಿಮಗೆ ಗೊತ್ತಿದೆ. ಆ ಆರು ನಿಮಿಷ ಗೂಡಿಗೆ ಹೋಗದೆ ಇಲ್ಲೇ ಕೂತು ನೋಡಬಹುದಲ್ಲ?”

“ಸುತ್ತಿಗೆ ಶುರುವಾಗುತ್ತಲ್ಲ ಎರಡಕ್ಕೆ.”

“ಆರು ನಿಮಿಷಕ್ಕೆ ಸುತ್ತಿಗೆ ಏನು ಮಾಡುತ್ತೆ?”

ನಿಜ ಹೇಳಬೇಕೆಂದರೆ ಅಕ್ಕನಿಗೆ ಭಯ. ರೆಕಾರ್ಡಿಂಗಿನಲ್ಲಿ ನೋಡಿದರೆ ಆಗಿಹೋದದ್ದನ್ನು ನೋಡಿದ ಹಾಗೆ. ಅದಕ್ಕೆ ಏನೂ ಮಾಡಬೇಕಾಗಿಲ್ಲ. ಆಗುತ್ತಿರುವಾಗಲೇ ನೋಡಿದರೆ ಸುಮ್ಮನೆ ಕೂರುವುದು ಹೇಗೆ? ಎದುರಿಗೆ ಬಂದು ನಿಂತವಳಿಗೆ ಬಾಗಿಲು ತೆರೆಯಬೇಕಾಗುತ್ತದೆ. ಹೋದ ಸಲ ಬಾಗಿಲಲ್ಲಿ ಏನಾಯಿತು ಎಂಬುದು ಅವಳಿಗೆ ಮರೆತಿರಲಿಲ್ಲ.

ಹತ್ತೊಂಬತ್ತನೇ ದಿನ ತಗಡಿನ ಅಂಗಡಿ ಮುಚ್ಚಿತ್ತು. ಯಜಮಾನರ ಮಗಳ ಮದುವೆಯಂತೆ. ಬೆಳಿಗ್ಗೆಯಿಂದಲೇ ನಿಶ್ಶಬ್ದ ಸಿಕ್ಕಿದ್ದರಿಂದ ಅಕ್ಕನ ದನಿಯ ಕೆಲಸ ಹನ್ನೊಂದಕ್ಕೇ ಮುಗಿಯಿತು. ಮಧ್ಯಾಹ್ನ ಗೂಡಿಗೆ ಹೋಗಲು ಯಾವ ನೆಪವೂ ಉಳಿಯಲಿಲ್ಲ. ಇವತ್ತು ಕಣ್ಣಾರೆ ನೋಡಿಯೇಬಿಡುತ್ತೇನೆ ಎಂದು ಅವಳು ಒಂದು ಗಂಟೆಯಿಂದಲೇ ಮೇಜಿನ ಮುಂದೆ ಕೂತಳು. ಮೊಬೈಲು ಸಿಕ್ಕಿಸಿದಳು, ಪಟ್ಟಿ ತೆರೆದಳು. ಹೊತ್ತು ಸರಿಯಲೊಲ್ಲದು. ಹೊತ್ತು ಕಳೆಯಲು ನಿನ್ನೆಯ ರೆಕಾರ್ಡಿಂಗನ್ನು ತೆರೆದು, ಪರದೆ ತುಂಬ ಹಿಡಿಸಿ, ಓಡಲು ಬಿಟ್ಟಳು. ನಿನ್ನೆಯ ಗಡಿಯಾರವೂ ಇಂದಿನ ಗಡಿಯಾರವೂ ಹೆಚ್ಚುಕಡಿಮೆ ಜೊತೆಜೊತೆಯಾಗಿ ನಡೆಯುತ್ತಿದ್ದವು.

ಅಷ್ಟರಲ್ಲಿ ಎಡಿಟರ್ ಕರೆದ. “ಇಲ್ಲಿ ಬಂದು ಒಂದು ನಿಮಿಷ ಕೇಳಿ, ಈ ಪದ ‘ಒತ್ತಿ’ ಅಂತಿದೆಯಾ ‘ಎತ್ತಿ’ ಅಂತಿದೆಯಾ?” ಅವಳು ಹೋಗಿ ಕೇಳಿದಳು. ಒತ್ತಿ ಅಂತಲೇ ಇತ್ತು. ಅವನ ಕಿವಿಗಳ ಬಗ್ಗೆ ಎರಡು ಮಾತಾಡಿ ವಾಪಸು ಬಂದಳು.

ಪರದೆಯಲ್ಲಿ ಹಸಿರು ಅಕ್ಷರ ಮೂಡಿತ್ತು. ಬಾಯಿಬಡುಕಿ. ಟೈಪ್ ಮಾಡುತ್ತಿದ್ದಾರೆ.

ಗೋಡೆಯ ಗಡಿಯಾರ ನೋಡಿದಳು. ಎರಡಕ್ಕೆ ಇಪ್ಪತ್ತು ನಿಮಿಷ ಇತ್ತು. ತಂಗಿ ಈ ಗಳಿಗೆಯಲ್ಲೇ, ಅಲ್ಲಿ, ತನ್ನ ಹೆಸರನ್ನು ತೆರೆದುಕೊಂಡು ಕೂತಿದ್ದಾಳೆ. ಇನ್ನೆರಡು ನಿಮಿಷದಲ್ಲಿ ಬಸ್ಸು ಹೊರಡುತ್ತದೆ. ಹೊರಡುವ ಮುಂಚೆ ಎಲ್ಲ ಅಳಿಸಿಬಿಡುತ್ತಾಳೆ. ಅಕ್ಕನ ಕೈ ತಾನಾಗಿಯೇ ಮೊಬೈಲಿಗೆ ಹೋಯಿತು. ಹೆಸರನ್ನು ಒತ್ತಿದಳು. ಅವಸರದಲ್ಲಿ ಎರಡು ಸಲ ತಪ್ಪಾಯಿತು, ಮೂರನೇ ಸಲ ಬರೆದಳು:

‘ಅಳಿಸಬೇಡ. ಏನು ಬರೆದಿದ್ದರೂ ಕಳಿಸು. ಬೈಗುಳ ಆದರೂ ಪರವಾಗಿಲ್ಲ.’

ಕಳಿಸಿ ತಲೆಯೆತ್ತಿ ಕಂಪ್ಯೂಟರಿನ ಪರದೆ ನೋಡಿದಳು. ಅಲ್ಲಿ ಅವಳು ಕಳಿಸಿದ ಮಾತು ಇರಲಿಲ್ಲ. ಪಟ್ಟಿ ಹಾಗೇ ಇತ್ತು. ತಂಗಿಯ ಹೆಸರಿನ ಕೆಳಗೆ ಹಸಿರು ಅಕ್ಷರ ಆರಿ, ತಲುಪಿದೆ ಎಂದು ಮತ್ತೆ ಬಂದಿತ್ತು. ಮೊಬೈಲಿನಲ್ಲಿ ಕಳಿಸಿದ್ದು ಇಲ್ಲಿ ಏಕೆ ಮೂಡಲಿಲ್ಲ? ಕೇಬಲ್ ಸಡಿಲವಾಯಿತೇ? ಕೇಬಲ್ ಗಟ್ಟಿಯಾಗಿತ್ತು. ಆಗ ಅವಳಿಗೆ ಹೊಳೆಯಿತು. ಅದು ನಿನ್ನೆ. ನಿನ್ನೆಯ ತಂಗಿಗೆ ಅವಳು ಇಂದು ಉತ್ತರ ಕೊಟ್ಟುಬಿಟ್ಟಿದ್ದಳು. ಇಂದಿನ ತಂಗಿ ಈ ಹೊತ್ತಿನಲ್ಲಿ ಏನನ್ನೂ ಬರೆಯುತ್ತಿರಲಿಲ್ಲ. ಬಸ್ಸು ತಡವಾಗಿ ಇನ್ನೂ ನಿಲ್ದಾಣವನ್ನೇ ಮುಟ್ಟಿರಲಿಲ್ಲವೋ ಏನೋ. ಮೊಬೈಲಿನಲ್ಲಿ ಅವಳ ಮಾತಿನ ಪಕ್ಕ ಒಂದೇ ಒಂದು ಗೀಟು ಬಿದ್ದಿತ್ತು.

“ಅಯ್ಯಯ್ಯೋ, ಏನು ಮಾಡಿಬಿಟ್ಟೆ!”

ಎಡಿಟರ್ ಎದ್ದು ಬಂದ. ಒಂದು ಸಲ ಮೊಬೈಲು ನೋಡಿದ, ಒಂದು ಸಲ ಕಂಪ್ಯೂಟರು ನೋಡಿದ, ವಿಷಯ ಅರ್ಥವಾಯಿತು. ಹದಿನಾರು ವರ್ಷದಿಂದ ಜನರಿಗೆ ಪರದೆ ತೋರಿಸಿಕೊಡುತ್ತಿದ್ದ ಹೆಂಗಸು ರೆಕಾರ್ಡಿಂಗಿಗೂ ನಿಜಕ್ಕೂ ವ್ಯತ್ಯಾಸ ತಿಳಿಯದೆ ಮೋಸಹೋಗಿದ್ದಳು. ಅವನಿಗೆ ನಗು ಬಂತು, ಪುಣ್ಯಾತ್ಮ, ನಗಲಿಲ್ಲ.

“ಅಳಿಸಿಬಿಡಿ. ಇನ್ನೂ ಅವರಿಗೆ ಮುಟ್ಟಿಲ್ಲ. ಒತ್ತಿ ಹಿಡಿದರೆ ಆಯ್ಕೆ ಬರುತ್ತೆ, ಎಲ್ಲರಿಗೂ ಅಳಿಸು ಅಂತ. ನೀವೇ ವೀಡಿಯೊ ಮಾಡಿದ್ದೀರಲ್ಲ.”

ಅಕ್ಕ ಬೆರಳಿಟ್ಟಳು. ಒತ್ತಿ ಹಿಡಿದಳು. ಆಯ್ಕೆ ಬಂತು. ಅಳಿಸಿದರೂ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಗುರುತು ಅಲ್ಲಿ ಉಳಿಯುತ್ತದೆ. ಅಳಿಸಬೇಡ ಎಂದು ಬರೆದದ್ದನ್ನು ತಾನೇ ಅಳಿಸುವುದೆಂದರೆ ಅದಕ್ಕಿಂತ ನಗೆಪಾಟಲು ಇಲ್ಲ. ಅದೂ ಅಲ್ಲದೆ, ಅವಳಿಗೆ ಸಾಕಾಗಿತ್ತು. ಎರಡು ವರ್ಷ ಅಳಿಸಿದ್ದು ಸಾಕಾಗಿತ್ತು. ತಂಗಿ ಇಲ್ಲದ ಮಧ್ಯಾಹ್ನಗಳು ಸಾಕಾಗಿದ್ದವು. ಆ ಒಡಕು ದನಿಯ “ಮೇಷ್ಟ್ರೇ” ಒಂದು ಸಲ ಕೇಳಿದರೆ ಸಾಕು, ಆಮೇಲೆ ಅವಳು ಏನು ಬೇಕಾದರೂ ಅನ್ನಲಿ. ಬೆರಳು ತೆಗೆದಳು.

“ಇರಲಿ,” ಎಂದಳು.

“ಇರಲಿ ಬಿಡಿ,” ಎಂದ ಎಡಿಟರ್. “ಗಾಬರಿಯಾಗಬೇಡಿ, ಏನೂ ಕೆಡುವುದಿಲ್ಲ.” ಅವಳ ದನಿಯನ್ನೇ ಅಣಕಿಸಿ ತನ್ನ ಜಾಗಕ್ಕೆ ಹೋಗಿ ಕೂತ.

ಎರಡನೇ ಗೀಟು ಎರಡೂವರೆಗೆ ಬಿತ್ತು. ಬಸ್ಸಿನ ಮುಂದಿನ ತಂಗುವಿಕೆ ಮೂರು ಇಪ್ಪತ್ತಕ್ಕೆ ಎಂಬುದು ಅಕ್ಕನಿಗೆ ಬಾಯಿಪಾಠವಿತ್ತು. ನಡುವಿನ ಐವತ್ತು ನಿಮಿಷವನ್ನು ಅವಳು ಹೇಗೆ ಕಳೆದಳೋ ಹೇಳಲಾರೆ. ನಿನ್ನೆಯ ರೆಕಾರ್ಡಿಂಗನ್ನು ಮುಚ್ಚಿದಳು. ಮೇಜು ಒರೆಸಿದಳು. ಡ್ರಾಯರಿನ ಕೇಬಲ್ಲುಗಳನ್ನೆಲ್ಲ ಬಿಡಿಸಿ, ಸುತ್ತಿ, ಮತ್ತೆ ಬಿಡಿಸಿದಳು. ಕಿಟಕಿಯ ಹತ್ತಿರ ಹೋಗಿ ಕೆಳಗೆ ಹೋಗುವ ಬಸ್ಸುಗಳ ನೆತ್ತಿ ನೋಡಿದಳು. ಪ್ರತಿ ಬಸ್ಸಿನ ಚಾಲಕನ ಮೇಲೂ ಅವಳಿಗೆ ಸುಮ್ಮಸುಮ್ಮನೆ ಪ್ರೀತಿ ಬಂತು. ಸುತ್ತಿಗೆಯ ಸದ್ದಿಲ್ಲದ ಆಫೀಸು ಯಾರದೋ ಮನೆಯ ಹಾಗೆ ಅಪರಿಚಿತವಾಗಿತ್ತು.

ಮೂರು ಇಪ್ಪತ್ತೆರಡಕ್ಕೆ ಎರಡೂ ಗೀಟು ನೀಲಿಯಾದವು. ಹಸಿರು ಅಕ್ಷರ ಮೂಡಿತು. ಈ ಸಲ ಅದು ಮೊಬೈಲಿನಲ್ಲೂ ಇತ್ತು, ಕಂಪ್ಯೂಟರಿನಲ್ಲೂ ಇತ್ತು.

‘ಯಾರು ಅಳಿಸಿದ್ದು?’

ಮತ್ತೆ ಹಸಿರು ಅಕ್ಷರ. ತುಂಬ ಹೊತ್ತು.

‘ಅಳಿಸೋಕೆ ನನಗೇನು ತಲೆ ಕೆಟ್ಟಿದ್ಯಾ? ದಿನಾ ಆರು ನಿಮಿಷ ಬರೀತೀನಿ. ಬಸ್ ಬಿಡೋ ಹೊತ್ತಾದ್ರೆ ಹಾಗೇ ಇಟ್ಟು ಹೋಗ್ತೀನಿ. ಮರುದಿನ ಮುಂದುವರಿಸ್ತೀನಿ. ಈಗ ಅದನ್ನ ಕಾಪಿ ಮಾಡಿ ಪಕ್ಕಕ್ಕಿಟ್ಟು ಇದನ್ನ ಬರೀತಿದ್ದೀನಿ. ಇನ್ನೂ ಮುಗಿದಿಲ್ಲ.’

ಬರೆದಷ್ಟು ಅಲ್ಲೇ ಇರುತ್ತದೆ ಎಂದು ಊರಿಗೆಲ್ಲ ಪಾಠ ಹೇಳಿದವಳು ಅಕ್ಕ. ತನ್ನ ಪಾಠ ತನಗೇ ತಲೆಗೆ ಹತ್ತಿರಲಿಲ್ಲ. ಹತ್ತೊಂಬತ್ತು ದಿನ ತಂಗಿ ನುಂಗುತ್ತಿದ್ದಾಳೆ ಎಂದು ಇವಳು ಕೊರಗಿದಳು. ಆ ಹುಡುಗಿ ಒಂದೇ ಬೆರಳಿನಲ್ಲಿ, ಒಂದಕ್ಷರವನ್ನೂ ಬಿಡದೆ, ಪೇರಿಸುತ್ತಿದ್ದಳು. ಬಾಯಿಬಡುಕಿ ಎಲ್ಲಾದರೂ ನುಂಗುತ್ತಾಳೆಯೇ?

‘ಎಲ್ಲಿ ತನಕ ಬರೆದಿದ್ದೀಯ?’ ಅಕ್ಕ ಕೇಳಿದಳು.

‘ಸೈಕಲ್ ಕಲಿಸ್ತೀನಿ ಅಂತ ಹೇಳಿ ಹಿಂದಿನಿಂದ ಕೈ ಬಿಟ್ಟೆಯಲ್ಲ, ಅಲ್ಲಿ ತನಕ. ಕುರ್ಚಿ ಇನ್ನೂ ತುಂಬಾ ದೂರ ಇದೆ.’

ಕುರ್ಚಿ ಎಂಬ ಪ‍ದವನ್ನು ಓದಿ ಅಕ್ಕನಿಗೆ ನಗು ಬಂತು, ನಗುವಿನ ನಡುವೆಯೇ ಅಳು ಬಂತು. ತಗಡಿನ ಅಂಗಡಿ ಮುಚ್ಚಿದ್ದರಿಂದ ಬಿಕ್ಕಿದ್ದೆಲ್ಲ ಪೂರ್ತಿ ಕೇಳಿಸಿತು. ಎಡಿಟರ್ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು ಗೋಡೆ ನೋಡತೊಡಗಿದ.

‘ಅದು ಸರಿ, ನಾನು ಬರೆಯೋಕೆ ಕೂತಾಗೆಲ್ಲ ನೀನು ಆನ್‌ಲೈನಲ್ಲೇ ಇರ್ತೀಯಲ್ಲ. ಯಾರ ಜೊತೆ ಅಷ್ಟು ಮಾತು ನಿಂದು?’

ಏನೆಂದು ಹೇಳುವುದು? ಕೇಬಲ್ಲು, ಕಂಪ್ಯೂಟರು, ಏಳು ಸಲ ಕುಟ್ಟುವ ಸಂಖ್ಯೆ, ದನಿಯ ಗೂಡು, ಯಾವುದನ್ನು ಬಿಡಿಸಿ ಹೇಳಿದರೆ ತಾನೇ ಅವಳಿಗೆ ಅರ್ಥವಾದೀತು? ಜೀವನದಲ್ಲಿ ಮೊದಲ ಸಲ ಮೇಷ್ಟ್ರು ಏನನ್ನೂ ಬಿಡಿಸಿ ಹೇಳಲಿಲ್ಲ.

‘ಯಾರ ಜೊತೆಯೂ ಇಲ್ಲ. ನಿನ್ನನ್ನೇ ನೋಡ್ತಿದ್ದೆ,’ ಎಂದು ಬರೆದಳು. ‘ಆವತ್ತು ಹಾಗೆ ಅನ್ನಬಾರದಿತ್ತು. ನಿನ್ನ ಮೆಸೇಜಿಗೆ ಉತ್ತರಾನೂ ಕೊಡಲಿಲ್ಲ. ತಪ್ಪಾಯ್ತು.’

ಗೀಟು ನೀಲಿಯಾಯಿತು. ಹಸಿರು ಅಕ್ಷರ ಬರಲಿಲ್ಲ. ಒಂದು ನಿಮಿಷ ಏನೂ ಬರಲಿಲ್ಲ. ಕಂಪ್ಯೂಟರಿನ ಗಡಿಯಾರ ಮೂರು ಇಪ್ಪತ್ತಾರಕ್ಕೆ ಸರಿಯಿತು.

‘ಬಸ್ ಬಿಡ್ಬೇಕು.’

ಅಷ್ಟೇ. ಅಕ್ಕ ಆ ಎರಡು ಪದವನ್ನೇ ನೋಡುತ್ತ ಕೂತಳು. ಎಡಿಟರ್ ಏನನ್ನೋ ಹುಡುಕುವ ನೆಪದಲ್ಲಿ ಹತ್ತಿರ ಬಂದು, ಒಂದು ಲೋಟ ನೀರು ಇಟ್ಟು, ಕಂಪ್ಯೂಟರಿನ ಕಡೆ ನೋಡಿದ. ರೆಕಾರ್ಡಿಂಗಿನ ಕೆಂಪು ದೀಪ ಉರಿಯುತ್ತಿರಲಿಲ್ಲ.

“ಮೇಡಂ, ಇವತ್ತು ಒತ್ತೇ ಇಲ್ಲ ನೀವು. ಈಗಲಾದರೂ ರೆಕಾರ್ಡ್ ಒತ್ಲಾ? ಅವರು ಮತ್ತೆ ಬರೆಯಬಹುದು.”

“ಬೇಡ,” ಎಂದಳು ಅಕ್ಕ. “ಇಲ್ಲೇ ಕೂತಿರ್ತೀನಿ.”

ಎಡಿಟರ್ ಐದಕ್ಕೆ ಹತ್ತು ನಿಮಿಷ ಇರುವಾಗ ಚೀಲ ಹೆಗಲಿಗೆ ಹಾಕಿಕೊಂಡ. ಅಕ್ಕ ಎದ್ದಿರಲಿಲ್ಲ. ಬಸ್ಸು ಈಗ ಇನ್ನೊಂದು ತುದಿ ಮುಟ್ಟಿ ಡಿಪೋ ಕಡೆ ತಿರುಗಿರಬೇಕು, ಅಲ್ಲಿಗೆ ಪಾಳಿ ಮುಗಿಯಿತು. ತಪ್ಪಾಯ್ತು ಎಂದದ್ದು ಹೆಚ್ಚಾಯಿತೇ, ಕಡಿಮೆಯಾಯಿತೇ? ಕುರ್ಚಿಯ ತನಕ ಬರೆಯುವ ಮೊದಲೇ ತಾನು ಅಡ್ಡಬಾಯಿ ಹಾಕಿದ್ದಕ್ಕೆ ಅವಳು ಮತ್ತೆ ಮುನಿದಳೇ?

ಮೇಜಿನ ಮೇಲೆ ಮೊಬೈಲು ಒಂದು ಸಲ ನಡುಗಿತು.

‘ತಲುಪಿದೆ.’

ಎರಡು ವರ್ಷದಿಂದ ಅದೇ ಜಾಗದಲ್ಲಿ ಇದ್ದದ್ದೂ ಅದೇ ಪದ. ಆದರೆ ಇದರ ಪಕ್ಕದಲ್ಲಿ ಇವತ್ತಿನ ಹೊತ್ತು ಇತ್ತು: ನಾಲ್ಕು ಐವತ್ತೊಂದು. ಸಿಟಿ ಬಸ್ಸನ್ನು ಡಿಪೋಗೆ ತಂದು ನಿಲ್ಲಿಸಿದ್ದನ್ನು ಯಾರೂ ಯಾರಿಗೂ ತಿಳಿಸಬೇಕಾಗಿಲ್ಲ. ಅಮ್ಮನ ಕಾನೂನು ಅಷ್ಟು ದೂರ ಎಂದೂ ಹೋಗಿರಲಿಲ್ಲ.

ಅಕ್ಕ ಮೊಬೈಲನ್ನು ಕೇಬಲ್ಲಿನಿಂದ ಬಿಡಿಸಿ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸಂಜೆ ಐದಕ್ಕೆ ಯಾರೂ ಊಟ ಮಾಡುವುದಿಲ್ಲ. ಅದು ಅವಳಿಗೂ ಗೊತ್ತಿತ್ತು.

‘ಸರಿ. ಊಟ ಮಾಡು,’ ಎಂದು ಬರೆದು, ಅಳಿಸದೆ ಕಳಿಸಿದಳು.